ಬೆರಳಚ್ಚಿನವಳ ಲೆಕ್ಕ

ಪೇಪರಿನವರು ಬರೆದದ್ದು ಸರಿಯಾಗಿಯೇ ಇದೆ:
ಪಾಸ್ಟರ್ ಹಾಲ್ವರ್ ಟ್ವೈಟ್, ಎಂಬತ್ತಾರು,
ನಾರ್ತ್ ಡಕೋಟದ ಒಂದೇ ಸಭೆಗೆ ನಲವತ್ತೊಂದು ವರ್ಷ,
ನಡುವೆ ಶಿಕಾಗೋದ ಸೆಮಿನರಿಯಲ್ಲಿ ಮೂರು ವರ್ಷ ಗ್ರೀಕ್ ಪಾಠ,
ಏಳು ಪುಸ್ತಕ.
ಏಳನ್ನೂ ಬೆರಳಚ್ಚು ಮಾಡಿದವಳು ನಾನು.
ಅದನ್ನು ಬರೆದಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

ಪುಟಕ್ಕೆ ಹದಿನೈದು ಸೆಂಟು.
ಶನಿವಾರ ಸಂಜೆ ಬೀಜದ ಕಂಪನಿಯ ಹಳೇ ಲಕೋಟೆಯಲ್ಲಿ
ಚಿಲ್ಲರೆ ಎಣಿಸಿ ತರುತ್ತಿದ್ದರು,
ಜೊತೆಗೆ ಹೆಂಡತಿ ಇಂಗಾ ಕಳಿಸಿದ ಆರು ಮೊಟ್ಟೆ;
ಒಂದೊಂದು ಸಲ ಐದು,
ಕೋಟಿನ ಜೇಬು ಹಳದಿ.

ಕೈಬರಹ ಇರುವೆ ಸಾಲು.
ಹೊಡೆದುಹಾಕಿದ್ದನ್ನೂ ಓದಬಲ್ಲವಳಾದೆ ಬರಬರುತ್ತ.
‘ನಿಸ್ಸಂದೇಹವಾಗಿ’ ಎಂದು ಬರೆದು, ಗೆರೆ ಎಳೆದು,
‘ಬಹುಶಃ’ ಎಂದು ತಿದ್ದಿ, ಅದನ್ನೂ ಹೊಡೆದು
ಮತ್ತೆ ‘ನಿಸ್ಸಂದೇಹವಾಗಿ’.
ಪ್ರಸಂಗಕ್ಕೆ ನಿಂತಾಗ ಈ ಗೆರೆಗಳು ಯಾರಿಗೂ ಕಾಣುತ್ತಿರಲಿಲ್ಲ.
ಗೋಧಿ ಬೆಳೆಯುವವರು ಮೊದಲ ಹತ್ತು ನಿಮಿಷ ಎಚ್ಚರವಿರುತ್ತಿದ್ದರು,
ಕೊಯ್ಲಿನ ತಿಂಗಳಲ್ಲಿ ಐದು.
ಎಬ್ಬಿಸಬೇಡಿ ಅನ್ನುತ್ತಿದ್ದರು,
ವಾರವೆಲ್ಲ ದುಡಿದವರು
ಕರ್ತನ ಮನೆಯಲ್ಲಲ್ಲದೆ ಇನ್ನೆಲ್ಲಿ ಮಲಗಬೇಕು.

ಮೂರನೆಯ ಪುಸ್ತಕಕ್ಕೆ ಬಾಸ್ಟನ್ನಿನ ಪಂಡಿತರೊಬ್ಬರ ವಿಮರ್ಶೆ:
‘ಶ್ರದ್ಧೆಯ ಕೆಲಸ, ಹಳ್ಳಿಯ ಪಾದ್ರಿಯಿಂದ ನಿರೀಕ್ಷಿಸಬಹುದಾದಷ್ಟು.’
ಕತ್ತರಿಸಿ ಗ್ರೀಕ್ ನಿಘಂಟಿನೊಳಗೆ ಇಟ್ಟುಕೊಂಡರು.
ಯಾವ ಪುಟದಲ್ಲಿ ಅಂತ ನನಗೆ ಗೊತ್ತು. ಹೇಳುವುದಿಲ್ಲ.

ನಾಲ್ಕನೆಯದು ದಪ್ಪದ್ದು,
ಅಪೊಸ್ತಲನ ಒಂದು ಪತ್ರಿಕೆಗೆ ಒಂಬತ್ತು ವರ್ಷದ ಭಾಷ್ಯ.
ಅದರಲ್ಲಿ ತಾಳ್ಮೆ ಎಂಬ ಒಂದು ಪದಕ್ಕೇ ನಾಲ್ಕು ಪುಟ.
ಗ್ರೀಕಿನಲ್ಲಿ ಬಿಡಿಸಿದರೆ
ಕೆಳಗೆ ಉಳಿಯುವುದು, ಅಂತ ಬರುತ್ತದಂತೆ.
ಹೊರೆಯ ಕೆಳಗೆ, ನೊಗದ ಕೆಳಗೆ,
ನುಸುಳಿ ಆಚೆ ಬಾರದೆ, ಕುಸಿದೂ ಹೋಗದೆ.
ಎಷ್ಟು ಚೆನ್ನಾಗಿತ್ತೆಂದರೆ
ಟೈಪು ಮಾಡುತ್ತಲೇ ಬೆನ್ನು ನೆಟ್ಟಗೆ ಮಾಡಿಕೊಂಡೆ.
ಸೆಮಿನರಿ ಅವರನ್ನು ಕರೆದದ್ದು ಆ ನಾಲ್ಕು ಪುಟಕ್ಕೇ.

ಅಲ್ಲಿಯ ಮೂರನೆಯ ವರ್ಷ, ಮಾರ್ಚಿಯಲ್ಲಿ,
ರಜೆಗೆ ಊರಿಗೆ ಬಂದ ಮಗ ಏರ್ಲೆಂಡ್, ಹತ್ತೊಂಬತ್ತು,
ಹೊಳೆ ದಾಟಲು ಹೋದ.
ಮಂಜುಗಡ್ಡೆ ಗಟ್ಟಿಯಾಗಿಯೇ ಕಾಣುತ್ತಿತ್ತು.
ಏಪ್ರಿಲ್ ಹನ್ನೊಂದರವರೆಗೆ ಸಿಗಲಿಲ್ಲ.

ಪಾಸ್ಟರ್ ಶಿಕಾಗೋಗೆ ಮರಳಲಿಲ್ಲ.
ಅವರ ಜಾಗಕ್ಕೆ ಬಂದವನು ಸಂಬಳ ಸಾಲದೆಂದು ಬಿಟ್ಟು ಹೋಗಿದ್ದ;
ಹಳೇ ಕೆಲಸವನ್ನೇ ಕೇಳಿ ಪಡೆದರು.
ಮೊದಲ ಭಾನುವಾರ ಮಾತಾಡಿದ್ದು
ಬಾಯ್ಲರ್ ರಿಪೇರಿಯ ಚಂದಾ ಕುರಿತು.
ಯಾರೂ ಮಲಗಲಿಲ್ಲ.

ಎರಡನೆಯ ಮುದ್ರಣಕ್ಕೆ ತಿದ್ದಿದ ಪ್ರತಿ ತಂದರು.
ನಾಲ್ಕು ಪುಟಕ್ಕೂ ಮೂಲೆಯಿಂದ ಮೂಲೆಗೆ ಗೆರೆ.
ಬದಲಿಗೆ ಬೇರೆ ಹಾಳೆಯಲ್ಲಿ ಒಂದೇ ಸಾಲು:
‘ಈ ಪದದ ಅರ್ಥ ಗೊತ್ತೆಂದು ಮೊದಲು ಬರೆದಿದ್ದೆ.’
ಪ್ರಕಾಶಕರು ಕಾಗದ ಹಾಕಿದರು, ಪುಟಗಳು ಕಳೆದಿವೆಯೇ?
ಕಾರ್ಡಿನಲ್ಲಿ ಉತ್ತರ: ಇಲ್ಲ. ಹೀಗೇ ಅಚ್ಚು ಹಾಕಿ.

ಆಮೇಲೂ ಮೂರು ಪುಸ್ತಕ ಬಂದವು, ತೆಳ್ಳಗಿನವು.
ಅವು ಮಾರಾಟವಾಗಲಿಲ್ಲ.
‘ಬಹುಶಃ’ ಅವುಗಳಲ್ಲಿ ಹಾಗೇ ಉಳಿದಿದೆ.

ಕಳೆದ ವಾರ ಕಾಲೇಜಿನಿಂದ ಹುಡುಗಿಯೊಬ್ಬಳು ಬಂದಿದ್ದಳು,
ಕೈಗೆ ಬಿಳಿ ಗವುಸು ಹಾಕಿಕೊಂಡು, ಕಾಗದಪತ್ರ ಪಟ್ಟಿ ಮಾಡಲು.
ಕಾರ್ಬನ್ ಪ್ರತಿ, ಕರಡು, ಎಲ್ಲ ಕೊಟ್ಟೆ.
ಒಂದು ಲಕೋಟೆ ಕೊಡಲಿಲ್ಲ.

ಒಂದು ಸಾಲಿಗೆ ನಾನೇನು ದುಡ್ಡು ತಗೊಳ್ಳಲಿ, ಅಂದಿದ್ದೆ ಅವತ್ತು.
ಪುಟ ಅಂದರೆ ಪುಟ, ಸಾಲ್ವೆಗ್, ಅಂದು
ಹದಿನೈದು ಸೆಂಟು ಎಣಿಸಿ
ಮೆಷಿನ್ನಿನ ಪಕ್ಕ ಇಟ್ಟು ಹೋದರು.
ಆ ಶನಿವಾರ ಮೊಟ್ಟೆ ಇರಲಿಲ್ಲ.