ನಕಾಶೆಯೊಳಗೊಂದು ಬಚ್ಚಲು

ಬ್ಯಾಡಗಿಯ ಹೊಸ ಅಗ್ನಿಶಾಮಕ ಠಾಣೆ
ಹಾಳೆಯ ಮೇಲೆ ಚೆಂದವೇ ಇತ್ತು:
ಮೂರು ಗಾಡಿಗೆ ಮೂರು ಅಂಕಣ,
ಐವತ್ತು ಸಾವಿರ ಲೀಟರಿನ ತೊಟ್ಟಿ,
ಮುಂದೆ ಧ್ವಜಕಂಬ, ಹಿಂದೆ ಕವಾಯತಿನ ಗೋಪುರ,
ಉತ್ತರ ಎಲ್ಲಿದೆಯೆಂದು ತೋರುವ ಬಾಣ.

ನಿವೃತ್ತ ಡ್ರೈವರ್ ದಾವಲಸಾಬ ನದಾಫರು
ಕನ್ನಡಕ ಹಣೆಗೇರಿಸಿ ಬಾಣದ ಮೇಲೆ ಬೆರಳಿಟ್ಟರು:
"ಇದು ದಿಕ್ಕು ಆತ್ರಿ. ಗಾಳಿ ಎಲ್ಲೈತಿ?"

ನನಗೆ ಗೊತ್ತಿರಲಿಲ್ಲ.
ನನ್ನ ಹತ್ತಿರ ಮಣ್ಣಿನ ವರದಿಯಿತ್ತು, ರಸ್ತೆಯ ಅಗಲವಿತ್ತು,
ಇಪ್ಪತ್ತು ವರ್ಷ ಮುಂದಿನ ಜನಸಂಖ್ಯೆಯೂ ಇತ್ತು.
ಮಾರ್ಚಿನ ಮೂರನೇ ಜಾವದ ಗಾಳಿ ಇರಲಿಲ್ಲ.

"ಮೆಣಸಿನಕಾಯಿ ಬೆಂಕಿ ಮೈ ಸುಡೂಕಿಂತ ಮೊದಲ
ಗಂಟ್ಲ ಹಿಡೀತೈತಿ.
ಪ್ಯಾಟಿ ಮಂದಿ ಕಣ್ಣು ಮುಚಗೊಂಡು ಓಡತಾರ.
ಓಡಿ ಬರೂದು ಈ ರಸ್ತಾಕ.
ನೀವು ಗೇಟು ಇಟ್ಟದ್ದೂ ಇದ ರಸ್ತಾಕ.
ನಾ ಗಾಡಿ ಯಾರ ಮ್ಯಾಲ ಹಾಯಿಸ್ಲಿ?"

ರಬ್ಬರು ತೆಗೆದೆ. ಗೇಟು ಪಡುವಣಕ್ಕೆ ಸರಿಯಿತು,
ಅದರ ಹಿಂದೆ ತೊಟ್ಟಿ, ತೊಟ್ಟಿಯ ಹಿಂದೆ ಅಡುಗೆಮನೆ.
ಒಂದು ಬಾಗಿಲು ಕದಲಿದರೆ
ಇಡೀ ಮನೆ ಎದ್ದು ಕೂರುತ್ತದೆ.

ಬಾಗಿಲ ಎತ್ತರ ಎರಡಡಿ ಹೆಚ್ಚಿಸಿದೆವು,
ಮುಂದೆ ಬರುವ ಏಣಿಗಾಡಿಯನ್ನು ಯಾರು ಕಂಡಿದ್ದಾರೆ.
ಕೋಲ್ಡ್ ಸ್ಟೋರೇಜಿನ ಅಮೋನಿಯಕ್ಕೆ ಬೇರೆ ಮುಸುಕು, ಬೇರೆ ಕಪಾಟು.
ಬ್ಯಾಟರಿ ಆಟೋ ಹತ್ತಿಕೊಂಡರೆ? ಕೇಳಿದೆ.
"ಅದು ಆರಿಧಂಗ ಮಾಡಿ ಮತ್ತ ಹತ್ತತೈತಂತ,
ನಮ್ಮ ತಮ್ಮನ ಸಿಟ್ಟಿನಂಗ," ನಕ್ಕರು.
ಹಿತ್ತಲ ಮೂಲೆಯಲ್ಲಿ ಅದನ್ನು ಮುಳುಗಿಸಿಡಲು
ಒಂದು ಗುಂಡಿ ಬರೆದೆ.
ಮಹಿಳಾ ಸಿಬ್ಬಂದಿಯ ಕೋಣೆ ಬರೆದಾಗ
ಏನೂ ಅನ್ನಲಿಲ್ಲ. ಎಷ್ಟೋ ಹೊತ್ತಿನ ಮೇಲೆ,
"ಅವರ ಬೂಟು ಅವರ ಅಳತೀವ ತರಸ್ರಿ," ಅಂದರು.

ಚಹಾ ಆರುತ್ತಿದ್ದಾಗ ತಾವಾಗಿಯೇ ಹೇಳಿದರು:
ಬೆಂಕಿಗೆ ಹೋಗಿ ಬಂದ ರಾತ್ರಿ
ಹುಸೇನಬಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.
ಅಂಗಳದಲ್ಲೇ ಬಕೀಟು, ತಂಬಿಗೆ, ಒಂದು ಲುಂಗಿ.
ಅಂಗಿ ಬೇವಿನ ಟೊಂಗೆಗೆ.
"ಹೊಗಿ ಹೊತಗೊಂಡು ಕೂಸಿನ ಕಡೆ ಬರಬ್ಯಾಡ್ರಿ."
ಠಾಣೆಯ ಹುಡುಗರು ನಗುತ್ತಿದ್ದರು.
ನಗುತ್ತಿದ್ದವರಲ್ಲಿ ಇಬ್ಬರು
ಎದೆಯೊಳಗೆ ಏನನ್ನೋ ಬೆಳೆಸಿಕೊಂಡು ಹೋದರು.
"ಅದು ಯಾವ ರಿಕಾರ್ಡನ್ಯಾಗೂ ಇಲ್ರಿ."

ಅಂಕಣಕ್ಕೂ ಮಲಗುವ ಕೋಣೆಗೂ ನಡುವೆ
ಎಂಟಡಿ ಹತ್ತಡಿಯ ಬಚ್ಚಲು ಬರೆದೆ.
ಆ ಕಡೆ ಬರುವ ಬಾಗಿಲು, ಈ ಕಡೆ ಹೋಗುವ ಬಾಗಿಲು,
ಮಸಿಯಂಗಿ ದಾಟದಂತೆ.

ಹದಿನೈದು ದಿನಕ್ಕೆ ನಕಾಶೆ ಬೆಂಗಳೂರಿನಿಂದ ಮರಳಿತು,
ಬಚ್ಚಲ ಮೇಲೆ ಕೆಂಪು ಗೀಟು:
'ಮಾದರಿಯಲ್ಲಿಲ್ಲ. ಕೈಬಿಡಿ.'
ಕೈಬಿಡಲಿಲ್ಲ. ಹೆಸರು ಬದಲಿಸಿದೆ:
'ಸಲಕರಣೆ ತೊಳೆಯುವ ಸ್ಥಳ.'
ಮನುಷ್ಯನೂ ಸಲಕರಣೆಯೇ ಅಂದುಕೊಂಡರೆ
ಸುಳ್ಳೇನಲ್ಲ.

ನಿನ್ನೆ ಗೂಟ ಹೊಡೆದು ಸುಣ್ಣದ ಗೆರೆ ಎಳೆದೆವು.
ದಾವಲಸಾಬರು ಇನ್ನೂ ಇಲ್ಲದ ಮಂಚದಿಂದ ಎದ್ದು
ಇನ್ನೂ ಇಲ್ಲದ ಬೂಟು ಮೆಟ್ಟಿ
ಇನ್ನೂ ಇಲ್ಲದ ಗಾಡಿಯ ಕಡೆ ಓಡಿದರು,
ಅರವತ್ತಾರರ ಓಟ, ಎಣಿಸುತ್ತ.
ಇಪ್ಪತ್ತೆರಡಕ್ಕೆ ಕೆಮ್ಮು ಬಂತು.
ಗೆರೆಯ ಮೇಲೇ ಕೂತು
ಉಸಿರು ಸಿಗುವವರೆಗೆ ಕಾದು ಅಂದರು:
"ನಾಕು ಹೆಜ್ಜಿ ದೂರ ಆತು. ಮಂಚ ಈ ಕಡೆ ತರ್ರಿ."

ಸುಣ್ಣ ಅಳಿಸಲು ಏನೂ ಇರಲಿಲ್ಲ.
ಚಪ್ಪಲಿಯಿಂದಲೇ ಉಜ್ಜಿದೆ.