ಜಿ

ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ, ಭಾನುವಾರ,
ನೀಲಿ ಟಾರ್ಪಾಲಿನ ಮೇಲೆ ಮಗುಚಿ ಬಿದ್ದಿತ್ತು:
ಹಿಂದಿಲ್ಲ, ಮುಂದಿಲ್ಲ, ರಟ್ಟಿಲ್ಲ, ಹೆಸರಿಲ್ಲ,
ಇಂಗ್ಲಿಷ್ ನಿಘಂಟೊಂದರ ಹೊಟ್ಟೆ ಮಾತ್ರ.
ಮೊದಲ ಹಾಳೆಯಿಂದ ಕೊನೆಯ ತನಕ ಬರೀ ಜಿ.
"ಒಂದಕ್ಷರಕ್ಕೆ ಇಪ್ಪತ್ತು ರೂಪಾಯಿ ಜಾಸ್ತಿನಾ ಅಕ್ಕಾ?" ಅಂದ ಜಬೀವುಲ್ಲಾ,
"ಇಪ್ಪತ್ತಾರೂ ಇದ್ದಿದ್ರೆ ನಾನ್ಯಾಕೆ ಇಲ್ಲಿ ಕೂರ್ತಿದ್ದೆ?"
ಹದಿನೈದಕ್ಕೆ ಇಳಿದ.
ಚಿಲ್ಲರೆ ನನ್ನ ಹತ್ತಿರ ಇರದೆ ಇನ್ಯಾರ ಹತ್ತಿರ ಇದ್ದೀತು,
ಹದಿಮೂರು ವರ್ಷದ ಕಂಡಕ್ಟರು ನಾನು.

ಎರಡು ನಾಲಗೆಯ ಅಕ್ಷರ ಇದು.
ಮೇಕೆಗೆ ಗ ಅನ್ನುತ್ತೆ, ಶುಂಠಿಗೆ ಜ ಅನ್ನುತ್ತೆ,
ಗುಂಗಾಡಿನಂಥ ಒಂದು ಹುಳ ಬಂದರೆ ಬಾಯೇ ಬಿಡುವುದಿಲ್ಲ,
ರಜೆ ಕೇಳಿದಾಗ ನಮ್ಮ ಡಿಪೋ ಮ್ಯಾನೇಜರ್ ಇದ್ದಂತೆ ಇರುತ್ತೆ.

ಟ್ರಿಪ್ಪಿಗೊಂದು ಪದ.
ಕೊನೇ ಸ್ಟಾಪಿನಲ್ಲಿ ಡ್ರೈವರ್ ಅಂಜಿನಪ್ಪ
ಬೀಡಿ ಹಚ್ಚಿ ಆರಿಸುವಷ್ಟು ಹೊತ್ತು ನನ್ನದು.

'ಗಾಂಗೂಜ್ಲರ್': ಕಾಲುವೆ ದಂಡೆಯಲ್ಲಿ ಕೆಲಸವಿಲ್ಲದೆ ನಿಂತು
ದೋಣಿಗಳು ಹೋಗುವುದನ್ನು ನೋಡುವವನು.
ಓದಿ ಹೇಳಿದೆ. ಅಂಜಿನಪ್ಪ ಸ್ಟೇರಿಂಗಿನಿಂದ
ಒಂದೇ ಬೆರಳೆತ್ತಿ ತೋರಿಸಿದ:
ರಾಜಕಾಲುವೆಯಲ್ಲಿ ಜೆಸಿಬಿ ಹೂಳೆತ್ತುತ್ತಿತ್ತು,
ಸುತ್ತ ನಲವತ್ತು ಜನ,
ಹೆಲ್ಮೆಟ್ ತೆಗೆಯದೆ ನಿಂತವರು, ಮಗುವನ್ನು ಹೆಗಲಿಗೇರಿಸಿದವರು,
ಹಾಲು ತರಲು ಹೋಗಿ ಹಾಲು ಮರೆತವರು.
ದೋಣಿ ಒಂದು ಬಿಟ್ಟರೆ ಎಲ್ಲ ಇತ್ತು.

'ಗ್ರೋಕ್': ತನಗೂ ಒಂದು ತುತ್ತು ಸಿಕ್ಕೀತೆಂದು
ಉಣ್ಣುವವರ ತಟ್ಟೆಯನ್ನೇ ನೋಡುತ್ತಿರುವುದು.
ನಮ್ಮಲ್ಲಿ ಇದಕ್ಕೆ ಪದವಿಲ್ಲ, ಪರಿಹಾರವಿದೆ:
ಒಂದು ತುತ್ತು ತೆಗೆದು ಪಕ್ಕಕ್ಕಿಡು,
ಇಲ್ಲಾ ಹೊಟ್ಟೆನೋವು, ಅಂತಿದ್ದಳು ಅವ್ವ.
ಕ್ಯಾಂಟೀನಿನಲ್ಲಿ ನನ್ನ ಡಬ್ಬಿಯ ಅವರೆಕಾಳು ಉಪ್ಪಿಟ್ಟನ್ನು
ಮೆಕ್ಯಾನಿಕ್ ಮರಿಲಿಂಗಯ್ಯ ನೋಡಿದ ಚಂದಕ್ಕೆ
ಅರ್ಧ ಅವನಿಗೇ ಹೋಯಿತು.
ಪದ ಗೊತ್ತಿಲ್ಲ ಅವನಿಗೆ. ಗೊತ್ತಿದ್ದರೂ ತಿನ್ನುತ್ತಿದ್ದ.

'ಗ್ರಿಫನೇಜ್': ಓದಲಾಗದ ಗೀಚಕ್ಷರ.
ಇದಕ್ಕೆ ನಗು ಬರಲಿಲ್ಲ.
ವಿಕ್ಟೋರಿಯಾ ಆಸ್ಪತ್ರೆಯ ಚೀಟಿ, ಮೂರು ಸಾಲು,
ಔಷಧಿ ಅಂಗಡಿಯ ಹುಡುಗನೊಬ್ಬನೇ ಓದಬಲ್ಲ ಲಿಪಿ.
ಓದಿದ. ನನ್ನ ಮುಖ ನೋಡಿದ.
ಅವತ್ತು ಚಿಲ್ಲರೆ ಕೇಳಲಿಲ್ಲ ಅವನು.

ಹಾಳೆ ಹಿಂದಕ್ಕೆ ತಿರುವಿದೆ.
'ಗ್ಲಬೆಲ್ಲ.' ಹೆಂಗಸಿನ ಹೆಸರಿನ ಹಾಗಿದೆ,
ಲಿಂಗರಾಜಪುರದ ಕಡೆ ಒಬ್ಬಳಾದರೂ ಇದ್ದಾಳು.
ಅರ್ಥ: ಎರಡು ಹುಬ್ಬುಗಳ ನಡುವೆ
ಕೂದಲಿಲ್ಲದ ನುಣುಪಾದ ಜಾಗ.
ಅಷ್ಟೇ.
ಅಂಜಿನಪ್ಪ ಹಾರನ್ ಹೊಡೆದ. ಇನ್ನೊಂದು ಸಲ ಓದಿದೆ.
ಗಂಡನ ಮಾತೇ ಇಲ್ಲ ಅಲ್ಲಿ.
ಇದ್ದರೆ, ಹೋದರೆ, ಅಂತ ಒಂದಕ್ಷರವಿಲ್ಲ.
ಹನ್ನೊಂದನೇ ದಿನ ದೊಡ್ಡತ್ತೆ ಸೆರಗಿಗೆ ಹೆಬ್ಬೆರಳು ಸುತ್ತಿ
ಒರೆಸಿದಳಲ್ಲ, ಅದು ಯಾರ ಜಾಗ ಹಾಗಾದರೆ?

ಮೂರು ವರ್ಷ ನಾಲ್ಕು ತಿಂಗಳು
ಬೆವರು ಬಿಟ್ಟು ಅಲ್ಲಿ ಏನೂ ಕೂತಿರಲಿಲ್ಲ.

ಲೇಡೀಸ್ ಸೀಟಿನ ಕಂಬಿಗೆ
ಯಾವಳೋ ಪುಣ್ಯಾತ್ಗಿತ್ತಿ ಅಂಟಿಸಿ ಮರೆತ ಸ್ಟಿಕರ್,
ಹುಣಸೆಬೀಜದ ಬಣ್ಣ, ಅರ್ಧ ಗೋಂದು.
ಉಗುರಲ್ಲಿ ಎಬ್ಬಿಸಿದೆ. ಸೊನ್ನೆ ರೂಪಾಯಿ ಟಿಕೆಟ್ಟಿನಷ್ಟು ಹಗುರ.
ಒತ್ತಿ ಹಿಡಿದೆ, ಜೆ.ಪಿ. ನಗರದ ಸಿಗ್ನಲ್ ಬೀಳುವವರೆಗೆ.

ಕನ್ನಡಿಯಲ್ಲಿ ಅಂಜಿನಪ್ಪನ ಕಣ್ಣು ಒಮ್ಮೆ ಬಂತು, ಹೋಯಿತು.
"ಇವತ್ತು ಯಾವ ಪದ ಗೌರಕ್ಕ?"
"ಇವತ್ತಿಂದು ಓದಿ ಹೇಳಲ್ಲ," ಅಂದೆ,
"ಮುಂದೆ ನೋಡ್ಕೊಂಡು ಗಾಡಿ ಓಡ್ಸು. ರೈಟ್."