ಇತರೆ

ಲಕ್ಕವಳ್ಳಿಯ ತೇಗದ ತೋಪಿನಲ್ಲಿ
ನೆತ್ತಿ ಮೇಲೆ ಬಿಸಿಲಿರುವಾಗಲೇ
ಸರಸರ, ಸರಸರ.
ತುಂತುರು ಅಂದುಕೊಂಡು ತಿಪ್ಪೇಶಿ ಟೋಪಿ ಹಾಕಿಕೊಂಡ.
ನಾನು ಅಂಗೈ ಚಾಚಿದೆ. ಬಿದ್ದದ್ದು ಹನಿಯಲ್ಲ,
ಸಾಸಿವೆ ಗಾತ್ರದ ಕರಿ ಹಿಕ್ಕೆ.

ಮೇ ಇಪ್ಪತ್ತೊಂದು, ಬೀಟ್ ಪುಸ್ತಕ ತೆಗೆದೆ.
ಆನೆಗೆ ಕಾಲಂ ಇದೆ, ಬೆಂಕಿಗಿದೆ, ಕಳ್ಳಸಾಗಣೆಗಿದೆ.
'ಇತರೆ' ಎಂಬ ಸಣ್ಣ ಚೌಕದೊಳಗೆ
ಹದಿನಾರು ಎಕರೆ ಹುಳ ತುರುಕಿದೆ.

ಯಾವಾಗ ಶುರುವಾಯ್ತು ಎಂದು ರೇಂಜರ್ ಕೇಳಿದರೆ
ಭರಣಿ ಮಳೆ ಬಿದ್ದ ರಾತ್ರಿ ಅನ್ನಬೇಕು.
ಕ್ಯಾಂಪಿನ ಸೋಲಾರ್ ದೀಪಕ್ಕೆ ಬಂದು ಕೂತಿತ್ತು ಒಂದು:
ಮೇಲೆ ಒಣ ಎಲೆಯಂಥ ಸೆರಗು,
ಒಳಗೆ ಯಾರಿಗೂ ತೋರಿಸದ ಕಿತ್ತಳೆ ಲಂಗ.
ಮದುವೆಗೆ ಹೊರಟವಳೇ ಇರಬೇಕು ಎಂದು ನಕ್ಕು
ಲೋಟ ಬೋರಲು ಹಾಕಿ ಮುಚ್ಚಿಟ್ಟು
ಬೆಳಿಗ್ಗೆ ಬಿಟ್ಟೆವು.

ಅವಳೋ, ಅವಳ ನೆಂಟರೋ,
ತಳಿರಿನ ನರದ ಪಕ್ಕ ಒಂದೊಂದೇ ಮೊಟ್ಟೆ ಇಟ್ಟರು,
ನಾಟಿ ಹಾಕುವವರ ಹಾಗೆ, ಅಂತರ ಬಿಟ್ಟು.
ಮೂರನೇ ದಿನಕ್ಕೆ ಹಲ್ಲು.
ಎಲೆಯಂಚನ್ನು ಅರ್ಧಚಂದ್ರ ಕತ್ತರಿಸಿ, ಮಡಚಿ,
ಬಾಯ ನೂಲಲ್ಲೇ ಹೊಲಿದು
ಮನೆಯೊಳಗೆ ಕೂತು ಮನೆಯನ್ನೇ ತಿನ್ನುವ ಸಂಸಾರ.

ಒಂದನ್ನು ಬಿಚ್ಚಿ ನೋಡಿದೆ.
ತೇಗದ ಚಿಗುರು ಬೆರಳಿಗೆ ಕೆಂಪು ಬಿಟ್ಟಿತು.
ಹುಳದ್ದೇನೋ ಎಂದು ಪ್ಯಾಂಟಿಗೆ ಒರೆಸಿದೆ; ಹೋಗಲಿಲ್ಲ.

ಆಮೇಲೆ ಇಳಿದವು. ಒಂದೊಂದಕ್ಕೂ ಒಂದೊಂದು ಎಳೆ.
ನಡೆದರೆ ಮುಖಕ್ಕೆ, ಕಿವಿಗೆ, ತಿಪ್ಪೇಶಿಯ ಬೀಡಿಗೆ ಜಾಲ.
ಕಾಜಾಣಗಳು ತಿಂದು ತಿಂದು ಹಾರಲಾರದೆ ಕೂತವು.
ಉಳಿದವು ತರಗಿನಡಿ ಹೊಕ್ಕು
ಕದ ಹಾಕಿಕೊಂಡವು.
ಜೂನ್ ಮೊದಲ ವಾರ: ಸದ್ದಿಲ್ಲ. ನೆರಳೂ ಇಲ್ಲ.
ಎಲೆಯ ಜಾಗದಲ್ಲಿ ಬರೀ ನರ,
ಅದರ ಸಂದಿಯಿಂದ, ಎಂದೂ ಕಾಣದ ಭದ್ರೆಯ ಹಿನ್ನೀರು
ಕ್ಯಾಂಪಿನ ಬಾಗಿಲಿಗೇ ಬಂದು ನಿಂತಿತ್ತು.

ಔಷಧಿ ಬರಲಿಲ್ಲ.
ಒಂದು ರಾತ್ರಿ ತರಗು ತೆರೆದು ಎಲ್ಲವೂ ಎದ್ದವು,
ಯಾವ ಕಡೆ ಹೋದವೋ.
ಆರಿದ್ರಾಕ್ಕೆ ಮರಗಳು ಮತ್ತೆ ಚಿಗುರಿದವು,
ಜ್ವರ ಬಂದದ್ದನ್ನು ಯಾರಿಗೂ ಹೇಳದವರ ಹಾಗೆ.

ಮೊನ್ನೆ ತರೀಕೆರೆಯ ಸಾಮಿಲ್ಲಿನಲ್ಲಿ
ನಮ್ಮ ತೋಪಿನದೇ ದಿಮ್ಮಿ, ಸುತ್ತಿಗೆ ಗುರುತಿತ್ತು.
ತೊಗಟೆಯಿಂದ ಒಳಕ್ಕೆ ಎಣಿಸುತ್ತ
ಹನ್ನೊಂದನೇ ಉಂಗುರಕ್ಕೆ ಉಗುರಿಟ್ಟರು ದಾದಾಪೀರ್:
"ಈ ಗೆರೆ ಯಾಕಿಷ್ಟು ಸಣ್ಣ? ಆ ವರ್ಷ ಮಳೆ ಕಮ್ಮಿನಾ?"

ಇಲ್ಲ ಸಾಬ್ರೇ, ಮಳೆ ಚೆನ್ನಾಗಿತ್ತು.
ಲೋಟ ಎತ್ತಿದ್ದು ನಾನು.